ಮರಳುಮೂಟೆಗಳ ಜೊತೆ ಒಂದು ಮಳೆಗಾಲ

ಮೊನ್ನೆ ಹುಬ್ಬಳ್ಳಿಯ ನಮ್ಮ ಗ್ಯಾರೇಜಿಗೆ ಸಿರುಗುಪ್ಪ ಕಡೆಯ ಜೀಪೊಂದು ಬಂದಿತ್ತು. ಬ್ರೇಕು ಹಿಡಿಯುತ್ತಿಲ್ಲ ಎಂಬ ದೂರು. ಕೆಳಗೆ ತೂರಿ ನೋಡಿದರೆ ಬ್ರೇಕು ಕಣ್ಣಿಗೆ ಬಿದ್ದರೆ ತಾನೇ! ಎಲ್ಲೆಲ್ಲೂ ಕಪ್ಪು ಎರೆಮಣ್ಣು ಒಣಗಿ ಕಲ್ಲಾಗಿ ಕೂತಿತ್ತು. ಪೈಪು ಹಿಡಿದು ನೀರು ಬಿಟ್ಟೆ. ಮಣ್ಣು ನೆನೆದು ಇಳಿಯತೊಡಗಿದಾಗ ಒಂದು ವಾಸನೆ ಎದ್ದಿತು ನೋಡಿ, ಹಸಿ ಎರೆಮಣ್ಣಿನದೂ ಅದರೊಳಗೆ ಸಿಕ್ಕಿ ಕೊಳೆತ ನೆಲ್ಲುಹುಲ್ಲಿನದೂ ಸೇರಿದ್ದು. ನೀರು ನನ್ನ ಕಾಲ ಮೇಲೆಯೇ ಹರಿಯುತ್ತಿತ್ತು. ನಾನು ಮಾತ್ರ ಕರೂರಿನ ಆಚೆ, ಆ ಕ್ಯಾಂಪಿನ ದಾರಿಯಲ್ಲಿದ್ದೆ. "ಏನ್ರೀ, ನಿಂತಲ್ಲೇ ನಿದ್ದಿ ಹೋದ್ರೇನು?" ಎಂದು ಜೀಪಿನವರು ಕೇಳಿದ ಮೇಲೆ ನಲ್ಲಿ ಬಂದ್ ಮಾಡಿದೆ.

ಅದು ನನ್ನ ಹೆಂಡತಿ ಶಾರದಾ ಹೋದ ಮರುವರ್ಷ. ಮಕ್ಕಳಿಲ್ಲದ ಮನೆ, ಇದ್ದವಳೂ ಹೋದಳು. ನಾನು ಗ್ಯಾರೇಜಿನಲ್ಲಿ ಎಲ್ಲರ ಮೇಲೂ ಹರಿಹಾಯುವ ಮನುಷ್ಯನಾಗಿದ್ದೆ. ನಟ್ಟು ಬಿಗಿಯಾಗಿದ್ದರೂ ಬೈಗುಳ, ಸಡಿಲಾಗಿದ್ದರೂ ಬೈಗುಳ. ಹಳೆಯ ಗಿರಾಕಿಗಳು ನಾನಿಲ್ಲದ ಹೊತ್ತು ನೋಡಿ ಬರತೊಡಗಿದ್ದರು. ನಮ್ಮ ಮಾಲೀಕರು ಒಳ್ಳೆಯವರು, ಬಾಯಿಬಿಟ್ಟು ಹೇಳಲಿಲ್ಲ. ಬಳ್ಳಾರಿಯ ಕೆಲಸವೊಂದು ಬಂದದ್ದೇ ತಡ, "ಇದಕ್ಕೆ ನೀನೇ ಸರಿ, ಮಳೆಗಾಲ ಪೂರ್ತಿ ಅಲ್ಲೇ ಇದ್ದು ಬಾ" ಎಂದು ಅಟ್ಟಿದರು.

ಕೆಲಸ ಏನಪ್ಪಾ ಅಂದರೆ, ಬಳ್ಳಾರಿಯ ಒಂದು ಧರ್ಮಸಂಸ್ಥೆಗೆ ಯಾರೋ ಪುಣ್ಯಾತ್ಮರು ಒಂದು ಮಿನಿವ್ಯಾನು ದಾನ ಕೊಟ್ಟಿದ್ದರು. ನೋಡಲು ಊರೂರಿಗೆ ಜನ ತುಂಬಿಕೊಂಡು ಓಡಾಡುವ ವ್ಯಾನುಗಳ ಹಾಗೆಯೇ. ಆದರೆ ಒಳಗಿನ ಒಂದು ಗುಂಡಿ ತಿರುವಿದರೆ ನಾಲ್ಕೂ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುತ್ತದೆ. ಮಳೆಗಾಲದಲ್ಲಿ ಯಾವ ಗಾಡಿಯೂ ಮುಟ್ಟದ ಕಡೆಯಿಂದ ರೋಗಿಗಳನ್ನು ಆಸ್ಪತ್ರೆಗೆ ತರಬೇಕೆಂಬುದು ಅವರ ಆಸೆ. ಇರುವುದು ಒಂದೇ ವ್ಯಾನು, ಕೇಳುತ್ತಿದ್ದವರು ಎರಡು ಕಡೆಯವರು: ಕುರುಗೋಡಿನ ಗುಡ್ಡದ ಬುಡದವರು ಮತ್ತು ಸಿರುಗುಪ್ಪದ ನೆಲ್ಲುಗದ್ದೆ ಸೀಮೆಯವರು. "ಎಲ್ಲಿ ರೋಗಿಯ ಮನೆ ಬಾಗಿಲಿಗೇ ಹೋಗಿ ಬರುತ್ತದೋ ಅಲ್ಲಿಗೆ ಕೊಡೋಣ. ನೀವು ಓಡಿಸಿ ನೋಡಿ ಹೇಳಿ, ನೀವು ಹೇಳಿದ್ದೇ ಕೊನೆ" ಎಂದರು ಸಂಸ್ಥೆಯ ಹಿರಿಯರು. ಬೇಕಾದರೆ ಆ ವ್ಯಾನಿನ ಡ್ರೈವರಾಗಿ ಅಲ್ಲೇ ಉಳಿಯಬಹುದು ಎಂದೂ ಸೇರಿಸಿದರು. ನಮ್ಮ ಮಾಲೀಕರ ಕಿವಿಗೆ ಈ ಮಾತು ಬಿದ್ದಾಗ ಅವರಿಗಾದ ಖುಷಿಯನ್ನು ನಾನು ಫೋನಿನಲ್ಲೇ ಕಂಡೆ.

ಖಾಲಿ ಗಾಡಿ ಓಡಿಸಿದರೆ ಪರೀಕ್ಷೆಯಾಗುವುದಿಲ್ಲ, ತೂಕ ಬೇಕು. ಹಾಗಂತ ಪರೀಕ್ಷೆಯ ಗಾಡಿಯಲ್ಲಿ ಜನರನ್ನು ಕೂರಿಸುವಂತಿಲ್ಲ. ಅದಕ್ಕೇ ಒಂದೊಂದು ಸೀಟಿಗೂ ಒಬ್ಬ ಮನುಷ್ಯನ ತೂಕದ ಮರಳುಮೂಟೆ ಕೂರಿಸಿ, ಬೆಲ್ಟು ಬಿಗಿದು, ಗಾಂಧಿನಗರದ ನನ್ನ ಬಾಡಿಗೆ ಕೋಣೆಯಿಂದ ಬೆಳಿಗ್ಗೆ ಹೊರಡುತ್ತಿದ್ದೆ. ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಒಂದು ಕೊಡ, ಗೋಡೆಗೊಂದು ಮೊಳೆ. ಎದುರಿನ ಹೋಟೆಲಿನವನು "ಮಂಡಕ್ಕಿ ಒಗ್ಗರಣಿನಾ, ಇಡ್ಲಿನಾ?" ಎಂದು ಕೇಳುತ್ತಿದ್ದ. ಎಷ್ಟೋ ದಿನ ಆ ಊರಿನಲ್ಲಿ ನನ್ನನ್ನು ಮಾತಾಡಿಸಿದ್ದು ಅಷ್ಟೇ. ಉಳಿದಂತೆ ನನ್ನ ಹಿಂದೆ ಕೂತ ಮೂಟೆಗಳೇ ನನ್ನ ಪರಿವಾರ. ತಿರುವಿನಲ್ಲಿ ಒಂದು ವಾಲಿದರೆ "ಸರಿಯಾಗಿ ಕೂಡ್ರಪ್ಪಾ" ಎಂದು ಗದರುತ್ತಿದ್ದೆ. ನಗಬೇಡಿ, ಒಬ್ಬನೇ ಇದ್ದು ನೋಡಿ.

ಗಾಡಿಯ ಬಗ್ಗೆ ಹೇಳಬೇಕೆಂದರೆ, ಟಾರು ರಸ್ತೆಯಲ್ಲಿ ಅದು ಸಾಧುಪ್ರಾಣಿ. ಎತ್ತರದ ಮೈಯಾದ್ದರಿಂದ ಅದಿರಿನ ಲಾರಿಯೊಂದು ಪಕ್ಕದಲ್ಲಿ ಹಾದುಹೋದರೆ ಒಮ್ಮೆ ಮೈ ಕೊಡವಿಕೊಳ್ಳುತ್ತಿತ್ತು, ಅಷ್ಟೇ. ಬಳ್ಳಾರಿಯ ಗಲ್ಲಿಗಳಲ್ಲಿ ಹಿಂದಕ್ಕೆ ತಿರುಗಿಸಲು ಬೆವರು ಇಳಿಯುತ್ತಿತ್ತು. ಗಟ್ಟಿ ರಸ್ತೆಯಲ್ಲಿ ಮರೆತು ನಾಲ್ಕು ಗಾಲಿಗೂ ಶಕ್ತಿ ಕೊಟ್ಟು ತಿರುವಿದಿರೋ, ಹಟ ಹಿಡಿದ ಎಮ್ಮೆಯಂತೆ ಎಳೆಯುತ್ತಿತ್ತು. ಮೋಕದ ಹತ್ತಿರ ಹಗರಿ ಹೊಳೆಯ ಮರಳಿಗೆ ಇಳಿಸಿದೆ. ಟೈರಿನ ಗಾಳಿ ಸ್ವಲ್ಪ ಬಿಟ್ಟರೆ ತೇಲಿದ ಹಾಗೆ ದಾಟಿತು. ಕುರುಗೋಡಿನಲ್ಲಂತೂ ಕೇಳಲೇಬೇಡಿ. ಅಲ್ಲಿ ಕೆಂಪು ಗರಸಿನ ಗಟ್ಟಿ ನೆಲ, ನಡುವೆ ಬಂಡೆ, ಮಳೆ ಬಿದ್ದು ಕೊರೆದ ಕೊರಕಲು. ಒಂದು ಗಾಲಿ ಗಾಳಿಯಲ್ಲಿದ್ದರೂ ಉಳಿದ ಮೂರು ನೆಲ ಕಚ್ಚಿಕೊಂಡು ಆಡಿನ ಹಾಗೆ ಹತ್ತಿಬಿಡುತ್ತಿತ್ತು. ಗುಡ್ಡದ ಬುಡದ ಮನೆಯವರು ಹೊರಗೆ ಬಂದು ನೋಡಿ, ಮೂಟೆಗಳನ್ನೂ ನೋಡಿ, ಒಳಗೆ ಹೋಗುತ್ತಿದ್ದರು.

ಹುಲಿಗೆಮ್ಮ ಸಿಕ್ಕಿದ್ದು ಸಿರುಗುಪ್ಪದ ಕಡೆಗೆ ಮೊದಲ ಸಲ ಹೊರಟ ದಿನ. ಆ ಸೀಮೆಯಲ್ಲಿ ಮಿನಿವ್ಯಾನು ಕಂಡರೆ ಕೈ ಅಡ್ಡ ಹಿಡಿಯುವುದು ಜನರ ರೂಢಿ. ನಿಲ್ಲಿಸಿದರೆ ಕೇಳುವುದೂ ಇಲ್ಲ, ಬಾಗಿಲು ತೆಗೆದು ಹತ್ತಿಯೇಬಿಡುತ್ತಾರೆ. ಕರೂರು ದಾಟಿದ ಮೇಲೆ ಕಾಲುವೆ ಸೇತುವೆ, ಅದರ ಪಕ್ಕದಲ್ಲಿ ಕ್ಯಾಂಪಿಗೆ ಒಡೆಯುವ ಮಣ್ಣಿನ ದಾರಿ. ನೀರಾವರಿ ಬಂದ ಕಾಲಕ್ಕೆ ಆಂಧ್ರದಿಂದ ಬಂದು ಗದ್ದೆ ಮಾಡಿದವರು ಕಟ್ಟಿಕೊಂಡ ಊರುಗಳಿಗೆ ಅಲ್ಲಿ ಕ್ಯಾಂಪು ಅನ್ನುತ್ತಾರೆ. ಈಗ ಅಲ್ಲಿ ಎಲ್ಲರೂ ಇದ್ದಾರೆ, ಅರ್ಧ ತೆಲುಗು, ಅರ್ಧ ಕನ್ನಡ. ಸೇತುವೆಯ ಹತ್ತಿರ ಒಬ್ಬ ಹೆಂಗಸು ರಸ್ತೆಯ ನಡುವೆಯೇ ಬಂದು ನಿಂತಳು. ನಲವತ್ತು ದಾಟಿದವಳು, ಮೊಣಕಾಲಿನ ತನಕ ಕೆಸರು. ಹಿಂದೆ ಬೇವಿನ ಮರದ ಕೆಳಗೆ ಟವೆಲು ಹೊದ್ದ ಗಂಡಸೊಬ್ಬ ಕುಕ್ಕರಗಾಲಲ್ಲಿ ಕೂತಿದ್ದ. ನಾನು ಇಳಿದು ಬಾಯಿ ತೆರೆಯುವಷ್ಟರಲ್ಲಿ ಆಕೆ ಬಾಗಿಲು ಎಳೆದು ಒಳಗೆ ನೋಡಿ ಹೌಹಾರಿದಳು.

"ಅಯ್ಯ ನನ್ನ ಶಿವನ! ಎಲ್ಲಾ ಸೀಟಿಗೂ ಮೂಟಿ ಕುಂದ್ರಿಸೀರಲ್ರೀ! ಬೆಲ್ಟ್ ಬ್ಯಾರೆ!"

"ಇದು ಸರ್ವಿಸ್ ಗಾಡಿ ಅಲ್ಲಮ್ಮ, ಪರೀಕ್ಷಾದ ಗಾಡಿ. ಮಂದೀನ ಹತ್ತಿಸಂಗಿಲ್ಲ."

"ಮೂಟಿಗೆ ಸೀಟು ಐತಿ, ಜೀವ ಇರೂ ಮನಿಷಾಗ ಇಲ್ಲೇನ್ರಿ? ನಮ್ಮ ಮನಿಯವರಿಗೆ ಇವತ್ತು ಡಯಾಲಿಸಿಸ್ ಐತ್ರಿ. ಬಸ್ಸು ಬರವಲ್ದು. ನೋಡ್ರಿ ಅವರ ಮಾರಿ ಹೆಂಗ ಬಾತೈತಿ."

ನೋಡಿದೆ. ನೋಡಬಾರದಿತ್ತು, ನೋಡಿಬಿಟ್ಟೆ. ಎರಡು ಮೂಟೆ ಇಳಿಸಿ ಚಹದ ಅಂಗಡಿಯಲ್ಲಿಟ್ಟು, ಆಕೆಯ ಗಂಡ ದೊಡ್ಡಬಸಪ್ಪನನ್ನು ಕೈಹಿಡಿದು ಹತ್ತಿಸಿದೆ. ಮೂಟೆಗಿಂತ ಎಷ್ಟೋ ಹಗುರವಾಗಿದ್ದ. ಹಿಂದೆ ಸುಗ್ಗಿಯ ಕಾಲದಲ್ಲಿ ನೆಲ್ಲಿನ ಚೀಲ ಹೊರುತ್ತಿದ್ದನಂತೆ. ವ್ಯಾನು ತಿರುಗಿಸಿ ಬಳ್ಳಾರಿಗೆ ಹೊರಟಾಗ ಪಕ್ಕದ ಮೂಟೆಯ ಮೇಲೆ ಕೈಯಿಟ್ಟು, "ಏನ್ ಸಾಹುಕಾರ್ರ, ಆರಾಮ ಅದೀರೇನ್ರಿ?" ಎಂದ. ನಾನು ನಕ್ಕೆ. ನನ್ನ ನಗು ನನಗೇ ಕೇಳಿ ಎಷ್ಟೋ ತಿಂಗಳಾಗಿತ್ತು.

ಆತನಿಗೆ ವಾರಕ್ಕೆ ಎರಡು ಸಲ ಬಳ್ಳಾರಿಯ ಆಸ್ಪತ್ರೆಗೆ ಹೋಗಲೇಬೇಕಿತ್ತು. ತಪ್ಪಿದರೆ ಮೈ ಬಾತು ಉಸಿರು ಸಿಕ್ಕಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ತೊಂದರೆಯಿಲ್ಲ, ಆಟೋ ಮನೆಯ ತನಕ ಬರುತ್ತದೆ. ಮಳೆ ಬಿದ್ದರೆ ಕ್ಯಾಂಪಿನಿಂದ ಟಾರು ರಸ್ತೆಯ ತನಕದ ಎರೆನೆಲ ಟ್ರ್ಯಾಕ್ಟರನ್ನು ಬಿಟ್ಟು ಯಾರನ್ನೂ ಬಿಡುವುದಿಲ್ಲ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಲಗಿಸಿ ತಂದರೆ ಕುಲುಕಿ ಕುಲುಕಿ ಅರ್ಧ ಜೀವವಾಗುತ್ತಿದ್ದ. ಹಿಂದಿನ ಮಳೆಗಾಲದಲ್ಲಿ "ನನ್ನ ಇಲ್ಲೇ ಬಿಟ್ಟುಬಿಡ್ರಿ, ನಾ ಬರೂದಿಲ್ಲ" ಎಂದು ಅತ್ತಿದ್ದನಂತೆ. ಇದನ್ನೆಲ್ಲ ಹುಲಿಗೆಮ್ಮ ದಾರಿಯಲ್ಲಿ ಹೇಳಿದಳು. ವ್ಯಾನು ಯಾಕೆ ಬಂದಿದೆ ಎಂದು ನಾನೂ ಹೇಳಿದೆ. ಆಕೆ ನೆಟ್ಟಗೆ ಕೂತಳು.

"ಅಂದ್ರ, ಈ ಗಾಡಿ ನಮ್ಮ ದಾರ್ಯಾಗ ಪಾಸಾದ್ರ ನಮಗ ಕೊಡ್ತಾರೇನ್ರಿ? ಮನಿ ಬಾಗಲಿಗೇ ಬರ್ತೈತೇನ್ರಿ?"

"ಪಾಸಾದ್ರ."

"ಯಾವತ್ತ್ ಐತ್ರಿ ಪರೀಕ್ಷಾ?"

ನಾನು ದಿನ ಹೇಳಿದೆ. ಯಾಕೆ ಕೇಳಿದಳೆಂದು ಆಗ ಯೋಚಿಸಲಿಲ್ಲ.

ಆಷಾಢದ ಮಳೆ ಚೆನ್ನಾಗಿಯೇ ಹೊಡೆದಿತ್ತು. ಹೇಳಿದ ದಿನ ನಾಲ್ಕೂ ಗಾಲಿಗೆ ಶಕ್ತಿ ಕೊಟ್ಟು, ಎರಡನೇ ಗೇರಿನಲ್ಲಿ, ಕಾಲು ಅಲುಗಿಸದೆ ಕ್ಯಾಂಪಿನ ದಾರಿಗೆ ಇಳಿಸಿದೆ. ಎರೆನೆಲದ ಕೆಟ್ಟ ಗುಣ ನನಗೆ ಕೇಳಿ ಗೊತ್ತಿತ್ತು. ಅದು ಕೆಸರಿನಂತೆ ಜಾರಿಸಿ ಸುಮ್ಮನಾಗುವುದಿಲ್ಲ, ಗಾಲಿಗೆ ಸುತ್ತಿಕೊಂಡು ಗಾಲಿಯನ್ನೇ ಮಣ್ಣಿನ ಉಂಡೆ ಮಾಡುತ್ತದೆ. ಆದರೆ ಎಂಥ ಆಶ್ಚರ್ಯ, ವ್ಯಾನು ಮೆತ್ತಗೆ ಏಳುತ್ತ ಬೀಳುತ್ತ, ಹಾಸಿಗೆಯ ಮೇಲೆ ನಡೆದಂತೆ ಹೋಗಿ ಹುಲಿಗೆಮ್ಮನ ಕಟ್ಟೆಯ ಮುಂದೆ ನಿಂತಿತು! ಕ್ಯಾಂಪಿಗೆ ಕ್ಯಾಂಪೇ ಚಪ್ಪಾಳೆ ತಟ್ಟಿತು. ಟ್ರ್ಯಾಕ್ಟರಿನ ವೆಂಕಟರಾವು "ಏಮಂಡೀ, ಏನ್ ಗಾಡಿ ಸಾರ್ ಇದು, ಸೂಪರ್!" ಎಂದು ಬಾನೆಟ್ಟು ತಟ್ಟಿದ. ಅಷ್ಟೂ ಜನ ನಗುವುದನ್ನು ಅದುಮಿ ಹಿಡಿದಂತಿತ್ತು. ಖುಷಿಗೆ ಅಂದುಕೊಂಡೆ.

ಆಮೇಲೆ ಆ ದಾರಿ ನನಗೆ ರೂಢಿಯಾಯಿತು. ಪರೀಕ್ಷೆ ಎಂದರೆ ಒಂದೇ ಸಲವಲ್ಲವಲ್ಲ. ಬಸಪ್ಪನ ಆಸ್ಪತ್ರೆಯ ದಿನ ನೋಡಿಯೇ ಪರೀಕ್ಷೆ ಇಟ್ಟುಕೊಳ್ಳುತ್ತಿದ್ದೆ. ಹೋಗುವ ಮುನ್ನ ಹುಲಿಗೆಮ್ಮನಿಗೆ ಫೋನು ಮಾಡುತ್ತಿದ್ದೆ. ಹೋದರೆ ಊಟ ಮಾಡದೆ ಎದ್ದುಬರುವಂತಿಲ್ಲ. ಪುಂಡಿಪಲ್ಯ, ರೊಟ್ಟಿ, ಬಿಸಿ ಅನ್ನ, ಮೇಲೆ ಮಜ್ಜಿಗೆ. "ಅಣ್ಣಾ, ಇನ್ನೊಂದ್ ರೊಟ್ಟಿ ಹಾಕ್ತೀನಿ, ಬ್ಯಾಡ ಅನಬ್ಯಾಡ್ರಿ" ಎನ್ನುತ್ತಿದ್ದಳು. ಬಸಪ್ಪ ಕಟ್ಟೆಯ ಮೇಲೆ ಒರಗಿ ಕೂತು, ನಾಟಿ ಮಾಡುವ ಹೆಂಗಸರು ಗದ್ದೆಯಲ್ಲಿ ಹಾಡುವುದನ್ನು ತೋರಿಸಿ ಯಾರ ದನಿ ಯಾವುದೆಂದು ಹೇಳುತ್ತಿದ್ದ. ಶಾರದಾಳ ಬಗ್ಗೆ ನಾನು ಮೊದಲ ಸಲ ಬೇರೆಯವರ ಮುಂದೆ ಬಾಯಿಬಿಟ್ಟದ್ದು ಆ ಕಟ್ಟೆಯ ಮೇಲೆ. ಆತ ಸಮಾಧಾನ ಹೇಳಲಿಲ್ಲ. "ಒಬ್ಬರ ಅಡಿಗಿ ಮಾಡ್ಕೊಳ್ಳೂದು ಭಾಳ ತ್ರಾಸು ನೋಡ್ರಿ" ಎಂದಷ್ಟೇ ಅಂದ. ನನಗೆ ಅಷ್ಟು ಸಾಕಾಗಿತ್ತು. ಈ ವ್ಯಾನಿಗೆ ಇಲ್ಲೇ ಡ್ರೈವರಾಗಿ ಉಳಿದುಬಿಡುವುದೆಂದು ಅವತ್ತೇ ಗಟ್ಟಿ ಮಾಡಿಕೊಂಡೆ. ಆ ಸಂಜೆ ಗಾಂಧಿನಗರದ ಕೋಣೆಗೆ ಹೋಗುವಾಗ ಹೋಟೆಲಿನವನನ್ನು ನಾನೇ ಮಾತಾಡಿಸಿದೆ, ಪಾಪ ಬೆದರಿದ.

ಶ್ರಾವಣದಲ್ಲೊಂದು ದಿನ ವ್ಯಾನು ತೊಳೆಯಲು ಕೆಳಗೆ ಮಲಗಿದೆ. ಹಿಂದಿನ ಗಾಲಿಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟಿಗೆ ಹುಲ್ಲು ಸುತ್ತಿಕೊಂಡಿತ್ತು. ಒಂದು ಎಳೆಯಲ್ಲ, ಎರಡಲ್ಲ, ಹಗ್ಗ ಹೊಸೆದ ಹಾಗೆ ಕಟ್ಟು ಕಟ್ಟು ನೆಲ್ಲುಹುಲ್ಲು. ಚಾಕುವಿನಿಂದ ಕೊಯ್ದು ತೆಗೆಯುತ್ತ ಯೋಚಿಸಿದೆ. ಇದು ನಾಟಿಯ ಕಾಲ, ಗದ್ದೆಯಲ್ಲಿರುವುದು ಹಸಿರು ಸಸಿ. ಒಣಹುಲ್ಲು ಇರುವುದು ದನದ ಮೇವಿನ ಬಣವೆಯಲ್ಲಿ. ಅದು ದಾರಿಗೆ ಹೇಗೆ ಬಂತು?

ಮರುದಿನ ಫೋನು ಮಾಡದೆ ಹೋದೆ. ವ್ಯಾನು ಸೇತುವೆಯ ಮೇಲೆಯೇ ಬಿಟ್ಟು ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಅದು ಬಸಪ್ಪನ ಆಸ್ಪತ್ರೆಯ ದಿನ, ನಾನು ಬರುತ್ತೇನೆಂದು ಅವರಿಗೆ ಗೊತ್ತಿತ್ತು. ಕ್ಯಾಂಪಿನ ಹೆಂಗಸರೆಲ್ಲ ದಾರಿಯುದ್ದಕ್ಕೂ ಬಗ್ಗಿದ್ದರು. ಗಾಲಿ ಓಡುವ ಜಾಡಿನಲ್ಲಿ ಹುಲ್ಲಿನ ಸಿವುಡು ಒತ್ತೊತ್ತಾಗಿ ಹಾಸಿ, ಕಾಲಲ್ಲಿ ತುಳಿದು, ನನಗೆ ಕಾಣದ ಹಾಗೆ ಮೇಲೆ ಕೆಸರು ಸವರುತ್ತಿದ್ದರು. ಎಲ್ಲರ ಮುಂದೆ ಹುಲಿಗೆಮ್ಮ. ನನ್ನನ್ನು ಕಂಡು ಎಲ್ಲರೂ ನಿಂತಲ್ಲೇ ನಿಂತರು.

"ಇದೇನಮ್ಮ ಹುಲಿಗೆಮ್ಮ?"

"ಏನ್ ಮಾಡೂದ್ರಿ ಅಣ್ಣಾ, ಪರೀಕ್ಷಾ ಅಂದ್ರಿ. ಮನಿ ಮಂದಿಗೆ ಪರೀಕ್ಷಾ ಇದ್ರ ಯಾರಾದ್ರೂ ಸುಮ್ಮ ಕುಂದ್ರತಾರೇನ್ರಿ?" ಎಂದು ಆಕೆ ಕೈಯ ಕೆಸರು ಸೀರೆಗೆ ಒರೆಸಿದಳು. "ಮಂತ್ರಿ ಬರ್ತಾರಂದ್ರ ಸರ್ಕಾರ್ದೋರೇ ರಾತ್ರೋರಾತ್ರಿ ಟಾರ್ ಹಾಕ್ತಾರ. ನಾವು ಹುಲ್ಲು ಹಾಕಿದ್ವಿ. ತಪ್ಪೇನೈತ್ರಿ?"

ಅವರಿಗೆ ಅದು ಮೋಸವೆಂದು ಹೊಳೆದೇ ಇರಲಿಲ್ಲ. ಬಂದ ಗಾಡಿ ನಮ್ಮದು, ನಮ್ಮ ಗಾಡಿ ಗೆಲ್ಲಬೇಕು, ಅಷ್ಟೇ. ನನಗೆ ಸಿಟ್ಟು ಬಂತು. ನಕ್ಕುಬಿಡೋಣವೆನಿಸಿತು. ಆಮೇಲೆ ಕ್ಯಾಂಪಿನ ಬಣವೆಗಳ ಕಡೆ ಕಣ್ಣು ಹೋಯಿತು. ಎಲ್ಲರ ಬಣವೆಯೂ ಬುಡಕ್ಕೆ ಬಂದಿತ್ತು. ಹುಲಿಗೆಮ್ಮನ ಎಮ್ಮೆಯ ಪಕ್ಕೆಲುಬು ದೂರಕ್ಕೇ ಕಾಣುತ್ತಿತ್ತು. ದನದ ಬಾಯಿಯ ಮೇವನ್ನು ಕಿತ್ತು ನನ್ನ ಗಾಲಿಗೆ ಹಾಕಿದ್ದರು.

"ಹುಲ್ಲು ತೀರಿದ ಮ್ಯಾಲೆ?"

"ಆಗ ನೋಡೂಣಂತ್ರಿ. ಗಾಡಿ ಒಮ್ಮಿ ನಮ್ಮದಾಗ್ಲಿ."

ಅಂದು ಅವರು ಹಾಸಿದ ಹುಲ್ಲಿನ ಮೇಲೆಯೇ ಬಸಪ್ಪನನ್ನು ಕರೆದೊಯ್ದು ತಂದೆ. ಮನೆಗೆ ಬಿಡುವಾಗ ಹೇಳಿದೆ, ಮುಂದಿನ ಸಲ ಒಂದು ಕಡ್ಡಿಯನ್ನೂ ಹಾಸಬಾರದು, ಹಾಸಿದರೆ ನಾನು ಬರುವುದಿಲ್ಲ. ಬಸಪ್ಪ ಒಳಗಿನಿಂದ, "ಹೂಂ, ಹಂಗ ಆಗ್ಲಿ ಬಿಡ" ಎಂದ.

ಮಳೆ ಬಿದ್ದ ಮರುದಿನ, ಮೂಟೆಗಳನ್ನು ಪೂರ್ತಿ ಹೇರಿಕೊಂಡು, ಹುಲ್ಲು ಹಾಸದ ಬರಿ ಎರೆನೆಲಕ್ಕೆ ಇಳಿಸಿದೆ. ಗೆಲ್ಲಲಿ ಎಂದು ಕೈ ಮುಗಿದೇ ಹೊರಟಿದ್ದೆ, ಸುಳ್ಳು ಯಾಕೆ ಹೇಳಲಿ. ಸ್ವಲ್ಪ ದೂರ ನಡೆಯಿತು. ಆಮೇಲೆ ಸ್ಟೇರಿಂಗು ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಮಣ್ಣು ಗಾಲಿಗೆ ಸುತ್ತಿ, ಗಾಲಿ ದಪ್ಪವಾಗಿ, ಮೇಲಿನ ತಗಡಿಗೆ ತುಂಬಿಕೊಂಡಿತು. ಎರಡು ಗಾಲಿಯ ಗಾಡಿಯಾಗಿದ್ದರೆ ಅಲ್ಲೇ ನಿಲ್ಲುತ್ತಿತ್ತು. ಇದು ನಾಲ್ಕರ ಬಲದಿಂದ ಇನ್ನಷ್ಟು ಮುಂದೆ ಹೋಗಿ, ಇನ್ನಷ್ಟು ಆಳಕ್ಕೆ ಇಳಿಯಿತು. ಕೊನೆಗೆ ಹೊಟ್ಟೆ ನೆಲಕ್ಕೆ ಕೂತು, ನಾಲ್ಕೂ ಗಾಲಿ ಗಿರಗಿರನೆ ಸುತ್ತಿ ಮಣ್ಣು ಎರಚಿದವು. ಟಾರು ರಸ್ತೆಯೂ ದೂರ, ಕ್ಯಾಂಪೂ ದೂರ. ಬಾಗಿಲು ತೆಗೆಯಲೂ ಆಗದೆ ಕಿಟಕಿಯಿಂದ ಇಳಿದೆ. ಒಳಗೆ ಮೂಟೆಗಳಿದ್ದವು. ಬಸಪ್ಪ ಇದ್ದಿದ್ದರೆ?

ವೆಂಕಟರಾವು ಟ್ರ್ಯಾಕ್ಟರು ತಂದು ಸರಪಳಿ ಹಾಕಿ ಎಳೆದ. ಹುಲಿಗೆಮ್ಮ ಗದ್ದೆಯ ಬದುವಿನ ಮೇಲೆ ನಿಂತು ಕೊನೆಯ ತನಕ ನೋಡಿದಳು, ಆಮೇಲೆ ನಾಟಿಗೆ ಇಳಿದಳು.

ಬಳ್ಳಾರಿಗೆ ಹೋಗಿ ಸಂಸ್ಥೆಯ ಹಿರಿಯರ ಮುಂದೆ ಕೂತೆ. ಓಡುತ್ತದೆ ಅಂದರೆ ಸಾಕಿತ್ತು, ವ್ಯಾನು ಕ್ಯಾಂಪಿಗೆ, ನಾನೂ ಕ್ಯಾಂಪಿಗೆ. ಆ ಕಟ್ಟೆ, ಆ ರೊಟ್ಟಿ, ಅಣ್ಣಾ ಎಂಬ ಆ ಕರೆ. ಜೀವನದಲ್ಲಿ ನನಗೆ ಅಷ್ಟು ಬೇಕೆನಿಸಿದ್ದು ಆಗ ಬೇರೇನೂ ಇರಲಿಲ್ಲ. "ಎರೆನೆಲದಲ್ಲಿ ಓಡುವುದಿಲ್ಲ" ಎಂದೆ. ವ್ಯಾನನ್ನು ಸೇತುವೆಯ ಹತ್ತಿರವೇ ನಿಲ್ಲಿಸಿ, ಅಲ್ಲಿಯ ತನಕ ಟ್ರ್ಯಾಕ್ಟರಿನಲ್ಲಿ ತಂದರಾಗದೇ ಎಂದು ಬೇಡಿಕೊಂಡೆ. "ಕುರುಗೋಡಿನಲ್ಲಿ ಮನೆ ಬಾಗಿಲಿಗೇ ಹೋಗುತ್ತದೆ ಅಂತ ನೀವೇ ಹೇಳಿದ್ದೀರಲ್ಲ. ಅಲ್ಲಿಯೂ ರೋಗಿಗಳೇ ಇರುವುದು" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ದಾರಿಗೆ ಗರಸು ಹಾಕಿಸಿದರೆ ಯಾವ ಗಾಡಿ ಬೇಕಾದರೂ ಹೋಗುತ್ತದೆ ಎಂದೆ. "ಹೇಳಿ ನೋಡ್ತೀವಿ" ಎಂದರು. ಡ್ರೈವರಾಗಿ ಕುರುಗೋಡಿಗೆ ಹೋಗುತ್ತೀರಾ ಎಂದು ಕೇಳಿದರು, ಒಲ್ಲೆ ಎಂದೆ.

ವ್ಯಾನು ಒಪ್ಪಿಸುವ ಮುನ್ನ ಒಂದು ದಿನ ನನ್ನ ಕೈಯಲ್ಲಿತ್ತು. ಸೇತುವೆಯ ಏರಿನ ಮೇಲೆ ನಿಲ್ಲಿಸಿ ನಡೆದುಹೋದೆ. ಸಸಿ ಬೇರು ಹಿಡಿದು ಗದ್ದೆಯೆಲ್ಲ ಹಸಿರಾಗಿತ್ತು. ಹುಲಿಗೆಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಆದರೂ ಬಾಯಿಬಿಟ್ಟು ಹೇಳಿದೆ, ಗಾಡಿ ಕುರುಗೋಡಿಗೆ ಹೋಯಿತು. "ಊಟ ಮಾಡ್ರಿ" ಎಂದಳು. ಎಂದಿನಂತೆಯೇ ಬಡಿಸಿದಳು, ಇನ್ನೊಂದು ರೊಟ್ಟಿಯನ್ನೂ ಹಾಕಿದಳು. ಬಸಪ್ಪ ಒಳಗೆ ಗಾಢ ನಿದ್ದೆಯಲ್ಲಿದ್ದ, ನಾನು ಬಂದದ್ದೂ ತಿಳಿದಿರಲಿಲ್ಲ. ಒಮ್ಮೆ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದ. ಅವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ, ಆಕೆಯೂ ಹೇಳು ಎನ್ನಲಿಲ್ಲ. ಕೈ ತೊಳೆದು ಹೊರಟಾಗ ಹಿತ್ತಲಿನ ಬೇಲಿಯ ತನಕ ಬಂದಳು.

"ಅಣ್ಣಾ, ಒಂದ್ ಮಾತು ಹೇಳ್ತೀನಿ, ತಪ್ಪು ತಿಳಕಾಬ್ಯಾಡ್ರಿ. ಇನ್ನ ಈ ಕಡೆ ಬರಬ್ಯಾಡ್ರಿ."

ನಾನು ಬೇಲಿಯ ಗೂಟಕ್ಕೆ ಕೈ ಕೊಟ್ಟು ನಿಂತೆ.

"ಸಿಟ್ಟಿಗೆ ಅನ್ನಾಕತ್ತಿಲ್ರಿ, ದೇವ್ರಾಣಿ. ನಿಮ್ಮ ಗಾಡಿ ಸಪ್ಪಳ ರೋಡಿಗೆ ಕೇಳಿದ್ರ ಸಾಕು, ಇವರು ಎದ್ದು ಅಂಗಿ ಹಾಕ್ಕೊಂಡು ಕಟ್ಟಿಗೆ ಬಂದು ಕುಂದ್ರತಾರ. ನೀವು ಸಿರುಗುಪ್ಪಕ್ಕ ಹೊಂಟೀರಿ, ಇಲ್ಲಿಗಲ್ಲ ಅಂದ್ರೂ ಕೇಳೂದಿಲ್ಲ. ನೀವು ದಾಟಿ ಹೋದ ಮ್ಯಾಲೂ ಹಂಗ ಕುಂತಿರ್ತಾರ. ನೋಡಾಕ ಆಗವಲ್ದ್ರಿ ನನಗ."

"ಆತಮ್ಮ" ಎಂದೆ.

ವ್ಯಾನಿಗೆ ಬಂದು ಕೂತು ಚಾವಿ ಹಾಕಿದೆ. ಕೈ ಅಲ್ಲೇ ನಿಂತಿತು. ಈಗ ಎಂಜಿನ್ನು ಶುರು ಮಾಡಿದರೆ ಆತ ಅಂಗಿಗೆ ಕೈ ಹಾಕುತ್ತಾನೆ. ಸ್ಟೇರಿಂಗಿನ ಬೀಗ ಬಿಡುವಷ್ಟು ಮಾತ್ರ ಚಾವಿ ತಿರುಗಿಸಿ, ಹ್ಯಾಂಡ್‌ಬ್ರೇಕು ಇಳಿಸಿದೆ. ಸೇತುವೆಯ ಇಳಿಜಾರಿಗೆ ವ್ಯಾನು ತಾನಾಗಿ ಉರುಳಿತು. ಎಂಜಿನ್ನಿಲ್ಲದ ಸ್ಟೇರಿಂಗು ಬಂಡೆಯಷ್ಟು ಭಾರ, ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದೆ. ಸದ್ದಿಲ್ಲದೆ ಗದ್ದೆಗಳ ನಡುವೆ ಅಷ್ಟು ದೂರ ಹೋಗಿ, ಬಲ ತೀರಿ, ರಸ್ತೆಯ ಪಕ್ಕಕ್ಕೆ ನಿಂತಿತು. ಅಲ್ಲಿಂದ ಎಂಜಿನ್ನಿನ ಸದ್ದು ಕ್ಯಾಂಪಿಗೆ ಕೇಳಿಸುತ್ತದೋ ಇಲ್ಲವೋ ತಿಳಿಯಲಿಲ್ಲ. ಸಿರುಗುಪ್ಪದ ಕಡೆಯಿಂದ ಅಕ್ಕಿಯ ಲಾರಿಯೊಂದು ಬರುವ ತನಕ ಕಾದೆ. ಅದು ಹಾರ್ನು ಹೊಡೆಯುತ್ತ ಪಕ್ಕದಲ್ಲಿ ಹಾದುಹೋಗುವಾಗ, ಆ ಗದ್ದಲದೊಳಗೆ ನನ್ನ ಗಾಡಿ ಶುರು ಮಾಡಿದೆ.